ಗಡಿಯನ್ನರಿಯದ ದ್ರಾಕ್ಷಿಬಳ್ಳಿ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ದಿವ್ಯ ಬಲಿಪೂಜೆಗೆ ದ್ರಾಕ್ಷಿಯ ಹಣ್ಣಿನಿಂದಲೇ ಆದ, ಕೆಡದ ಸಹಜ ರಸವನ್ನು ಬಳಸಬೇಕೆಂಬುದು ಧರ್ಮಸಭೆಯ ಕಟ್ಟಳೆ. ನಮ್ಮ ಕೋಲಾರ ಸೀಮೆಯ ರೈತರಿಗೂ ದ್ರಾಕ್ಷಿಚಪ್ಪರ ಹೊಸದಲ್ಲ. ಆದುದರಿಂದ ದೂರದ ಒಂದು ದ್ರಾಕ್ಷಿಸೀಮೆಯ ಕಥೆಯನ್ನು ತಮ್ಮ ಮುಂದಿಡಬಯಸುತ್ತೇನೆ.

ಯೂರೋಪಿನ ಹಂಗೇರಿ ದೇಶದಲ್ಲಿ ತೊಕಾಯ್ ಎಂಬ ಊರಿದೆ. ಅಲ್ಲಿ ಟೀಸಾ ಮತ್ತು ಬೊಡ್ರೊಗ್ ನದಿಗಳು ಸಂಗಮಿಸುತ್ತವೆ. ಶರತ್ಕಾಲದಲ್ಲಿ ನದಿಗಳಿಂದೇಳುವ ಮುಂಜಾನೆಯ ಮಂಜು, ಮಧ್ಯಾಹ್ನದ ಬಿಸಿಲು ಇವೆರಡೂ ಕೂಡಿದಾಗ ಹಣ್ಣಿಗೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಬೇರೆಡೆ ನಷ್ಟವೆನಿಸುವ ಈ ಬೂಷ್ಟು ಅಲ್ಲಿ ವರವಾಗಿದೆ. ಹಣ್ಣು ಸುಕ್ಕಿ ಸಿಹಿ ಸಾಂದ್ರವಾಗುತ್ತದೆ. ಒಂದೊಂದನ್ನೇ ಕೈಯಿಂದ ಆರಿಸಿ, ಬುಟ್ಟಿಯಿಂದ ಅಳೆದು, ಸುಮಾರು 136 ಲೀಟರಿನ ಪೀಪಾಯಿಯ ಲೆಕ್ಕದಲ್ಲಿ ರಸಕ್ಕೆ ಬೆರೆಸುವುದು ಅಲ್ಲಿನ ಹಳೆಯ ಪದ್ಧತಿ. ಈ ಸೀಮೆಯ ಎಲ್ಲೆಯನ್ನು 1737ರಲ್ಲೇ ರಾಜಾಜ್ಞೆಯಿಂದ ಗುರುತಿಸಲಾಗಿತ್ತು.

ಮೊದಲನೆಯ ಮಹಾಯುದ್ಧದ ತರುವಾಯ, 1920ರ ಟ್ರಿಯನಾನ್ ಒಪ್ಪಂದವು ಈ ಸೀಮೆಯ ನಡುವೆ ಗೆರೆಯೆಳೆಯಿತು. ರೊನ್ಯವಾ ಎಂಬ ಸಣ್ಣ ಹಳ್ಳವೇ ದೇಶಗಳ ಗಡಿಯಾಗಿ, ಒಂದು ಪೇಟೆಯೇ ಎರಡಾಯಿತು. ಕೆಲವು ಗ್ರಾಮಗಳು ಚೆಕೊಸ್ಲೊವಾಕಿಯಾಕ್ಕೆ ಸೇರಿದವು. 1993ರಿಂದ ಅವು ಸ್ಲೊವಾಕಿಯಾದಲ್ಲಿವೆ. ಮಣ್ಣು ಅದೇ, ತಳಿ ಅದೇ, ಬಂಡೆ ಕೊರೆದ ನೆಲಮಾಳಿಗೆಗಳೂ ಅಂಥವೇ. ಆದರೆ ‘ತೊಕಾಯ್’ ಎಂಬ ಹೆಸರು ಯಾರದು?

ಹಂಗೇರಿಯವರ ಅಳಲೂ ನಿಜವೇ. ತಲೆಮಾರುಗಳ ದುಡಿಮೆಯಿಂದ ಗಳಿಸಿದ ಕೀರ್ತಿ ಹಂಚಿಹೋದೀತೆಂಬ ಭಯ ಅವರದು. ಆಚೆಯವರ ಮಾತೂ ನಿಜವೇ. ಅವರು ಬಳ್ಳಿಯನ್ನು ಕದ್ದೊಯ್ದವರಲ್ಲ, ಗಡಿಯೇ ಅವರನ್ನು ದಾಟಿಹೋಯಿತು. ವ್ಯಾಜ್ಯ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೂ ಹೋಗಿ, 2014ರಲ್ಲಿ ಹಂಗೇರಿಯ ಮೇಲ್ಮನವಿ ವಜಾ ಆಯಿತು. ಇಂದು ಎರಡೂ ಕಡೆಯವರು ಆ ಹೆಸರನ್ನು ಬಳಸುತ್ತಾರೆ. ಇಷ್ಟರಲ್ಲಿ, 2007ರ ಡಿಸೆಂಬರಿನಿಂದ ಗಡಿಯ ತಪಾಸಣೆ ಕೊನೆಗೊಂಡಿತ್ತು. ಕಾವಲು ಹೋದರೂ ಹೆಸರಿನ ಜಗಳ ಉಳಿದಿತ್ತು!

ಪ್ರಿಯರೇ, ಮಾಸ್ತಿಯಿಂದ ತಮಿಳುನಾಡಿನ ಎಲ್ಲೆ ದೂರವಲ್ಲ. ಮಳೆಮೋಡ ಎಲ್ಲೆಗಲ್ಲನ್ನು ನೋಡಿ ನಿಲ್ಲುವುದಿಲ್ಲ, ಬಂಧುತ್ವವೂ ನಿಲ್ಲಬಾರದು. ಪ್ರಭು ಯೇಸು ತನ್ನನ್ನು ದ್ರಾಕ್ಷಿಬಳ್ಳಿಗೂ ನಮ್ಮನ್ನು ಕೊಂಬೆಗಳಿಗೂ ಹೋಲಿಸಿದರು. ಕೊಂಬೆ ಯಾವ ಬೇಲಿಯ ಮೇಲೆ ಹಬ್ಬಿದರೂ ಜೀವರಸ ಬರುವುದು ಒಂದೇ ಬುಡದಿಂದ. ನೂರು ವರ್ಷದ ಹೆಮ್ಮೆಯನ್ನು ಸ್ಮರಿಸುವ ಈ ಹೊತ್ತಿನಲ್ಲಿ, ಹೆಸರಿಗಾಗಿ ಹೋರಾಡುವುದಕ್ಕಿಂತ ಫಲ ಕೊಡುವುದರಲ್ಲಿ ಸ್ಪರ್ಧಿಸೋಣ.