ಹೊಸಬರ ಪಕ್ಕದಲ್ಲಿ ಎಐ ಸಹಾಯಕ



ಇವತ್ತು ನಾನು ಮಾತಾಡುತ್ತಿರುವುದು ಮುಖ್ಯವಾಗಿ ನಮ್ಮ ಮನೆಗಳ ಮಕ್ಕಳ ಜೊತೆ. ಅಂದರೆ ಇಲ್ಲೇ ಅಮೆರಿಕದಲ್ಲಿ ಬೆಳೆದು, ಕಾಲೇಜು ಮುಗಿಸಿ, ಮೊದಲ ಕೆಲಸಕ್ಕೆ ಸೇರಿರುವ ಅಥವಾ ಸೇರಲಿರುವ ನಿಮ್ಮ ಜೊತೆ. ಆಫೀಸಿನ ಕೆಲಸದಲ್ಲಿ ಚಾಟ್‌ಜಿಪಿಟಿ, ಕೋಪೈಲಟ್, ಜೆಮಿನಿ, ಕ್ಲಾಡ್ ಮುಂತಾದ ಎಐ ಸಹಾಯಕಗಳಿಂದ ನಿಜವಾಗಿ ಏನು ಲಾಭ, ಯಾರಿಗೆ ಹೆಚ್ಚು ಲಾಭ ಎನ್ನುವುದು ಇವತ್ತಿನ ವಿಷಯ.

ಈ ಮಾತು ಬಂದರೆ ನಮ್ಮ ಮನೆಗಳಲ್ಲಿ ಎರಡು ಪಕ್ಷ. "ಇದು ಎಲ್ಲರ ಕೆಲಸ ನುಂಗಿಬಿಡುತ್ತೆ" ಅಂತ ದೊಡ್ಡವರು. "ಇದಿಲ್ಲದೆ ಈಗ ಯಾರು ಕೆಲಸ ಮಾಡ್ತಾರೆ?" ಅಂತ ಮಕ್ಕಳು. ನಾನು ಕನ್ನಡ ಎಂ.ಎ. ಓದಿದವಳು, ಆಫೀಸಿಗೆ ಹೋಗುವವಳಲ್ಲ. ಹಾಗಾಗಿ ನನ್ನ ಅಭಿಪ್ರಾಯಕ್ಕಿಂತ ಮೊದಲು, ಅಳೆದು ನೋಡಿದವರು ಕಂಡದ್ದನ್ನು ಹೇಳುತ್ತೇನೆ.

ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಅದಾದ ಸ್ವಲ್ಪ ದಿನದಲ್ಲೇ ಎಂಐಟಿಯ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಪದವಿ ಓದಿದ, ಕೆಲಸದಲ್ಲಿರುವ 450ಕ್ಕೂ ಹೆಚ್ಚು ಜನರಿಗೆ ಅವರವರ ವೃತ್ತಿಗೆ ಹೊಂದುವ ಬರವಣಿಗೆ ಕೊಟ್ಟರು. ಪತ್ರಿಕಾ ಪ್ರಕಟಣೆ, ಚಿಕ್ಕ ವರದಿ, ಸೂಕ್ಷ್ಮವಾದ ಇಮೇಲ್, ಇಂಥವು. ಅರ್ಧದಷ್ಟು ಜನರಿಗೆ ಚಾಟ್‌ಜಿಪಿಟಿ ಬಳಸುವ ಅವಕಾಶ ಕೊಟ್ಟರು. ಬಳಸಿದವರಿಗೆ ಸುಮಾರು ಶೇಕಡಾ 40ರಷ್ಟು ಸಮಯ ಉಳಿಯಿತು. ಬರವಣಿಗೆಯ ಗುಣಮಟ್ಟವೂ ಶೇಕಡಾ 18ರಷ್ಟು ಏರಿತು. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ನಿಮಗೆ ಇದಕ್ಕಿಂತ ಮುಖ್ಯ. ಎರಿಕ್ ಬ್ರಿನ್ಯೋಲ್ಫ್‌ಸನ್, ಡೇನಿಯಲ್ ಲೀ, ಲಿಂಡ್ಸೆ ರೇಮಂಡ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಗ್ರಾಹಕರ ದೂರು ಪರಿಹರಿಸುವ ಐದು ಸಾವಿರಕ್ಕೂ ಹೆಚ್ಚು ಉದ್ಯೋಗಿಗಳ ಕೆಲಸವನ್ನು ಗಮನಿಸಿದರು. ಗ್ರಾಹಕ ಚಾಟ್‌ನಲ್ಲಿ ಪ್ರಶ್ನೆ ಕೇಳಿದಾಗ ಎಐ ಒಂದು ಉತ್ತರ ಸೂಚಿಸುತ್ತದೆ. ಅದನ್ನು ಕಳಿಸುವುದೋ, ತಿದ್ದುವುದೋ, ಬಿಡುವುದೋ ಉದ್ಯೋಗಿಗೆ ಬಿಟ್ಟದ್ದು. ಒಟ್ಟಾರೆ ಒಂದು ಗಂಟೆಯಲ್ಲಿ ಬಗೆಹರಿದ ದೂರುಗಳು ಶೇಕಡಾ 14ರಷ್ಟು ಹೆಚ್ಚಾದವು. ಹೊಸಬರಲ್ಲಿ ಈ ಏರಿಕೆ ಶೇಕಡಾ 34. ಪಳಗಿದವರಿಗೆ ಹೆಚ್ಚುಕಡಿಮೆ ಏನೂ ಲಾಭವಿಲ್ಲ! ಎರಡು ತಿಂಗಳ ಅನುಭವದ ಹುಡುಗನೊಬ್ಬ ಇದರ ನೆರವಿನಿಂದ, ನೆರವಿಲ್ಲದ ಆರು ತಿಂಗಳ ಅನುಭವಸ್ಥನ ಸಮಕ್ಕೆ ಬಂದ.

ಯಾಕೆ ಹೀಗೆ? ಆ ಸಾಧನ ಕಲಿತದ್ದೇ ಹಿಂದಿನ ಸಾವಿರಾರು ಸಂಭಾಷಣೆಗಳಿಂದ. ಅದರಲ್ಲೂ ಚೆನ್ನಾಗಿ ಕೆಲಸ ಮಾಡುವವರ ಜಾಣತನವನ್ನು ಅದು ಹೀರಿಕೊಂಡಿತ್ತು. ಪಳಗಿದವರ ಬುತ್ತಿಯನ್ನೇ ಹೊಸಬರಿಗೆ ಬಡಿಸಿತು ಅಂದುಕೊಳ್ಳಿ.

ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿ ನೋಡಿ. ಅವರಲ್ಲಿ ಎಷ್ಟೋ ಜನ ಕೆಲಸ ಕಲಿತದ್ದು ಪಕ್ಕದ ಕ್ಯುಬಿಕಲ್‌ನಲ್ಲಿ ಕೂತ ಸೀನಿಯರ್ ಒಬ್ಬರಿಂದ. ಇವತ್ತು ಅರ್ಧ ವಾರ ಮನೆಯಿಂದಲೇ ಕೆಲಸ ಮಾಡುವ ನಿಮಗೆ ಆ ಪಕ್ಕದ ಕುರ್ಚಿ ಖಾಲಿ. ಅಲ್ಲಿ ಈಗ ಎಐ ಬಂದು ಕೂತಿದೆ. ಎಷ್ಟು ಸಲ ಕೇಳಿದರೂ ಬೇಸರಪಡದು. ಆದರೆ ಒಂದು ವ್ಯತ್ಯಾಸವಿದೆ. ಸೀನಿಯರ್ ಆದವರು "ಯಾಕೆ ಹೀಗೆ ಮಾಡಿದೆ?" ಅಂತ ನಿಮ್ಮನ್ನು ಕೇಳುತ್ತಿದ್ದರು. ಇದು ತಾನಾಗಿ ಕೇಳುವುದು ಅಪರೂಪ. ಆ "ಯಾಕೆ"ಯನ್ನು ನೀವೇ ಕೇಳಿಕೊಳ್ಳಬೇಕು.

ಕೇಳಿಕೊಂಡರೆ ಫಲವಿದೆ. ಅದೇ ಅಧ್ಯಯನದಲ್ಲಿ, ಸಾಧನ ಕೆಟ್ಟು ನಿಂತ ಹೊತ್ತಿನಲ್ಲೂ ಅದನ್ನು ಬಳಸಿ ಅಭ್ಯಾಸವಾಗಿದ್ದವರು ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿದರು. ಅಂದರೆ ಸ್ವಲ್ಪ ವಿದ್ಯೆ ಅವರ ತಲೆಗೂ ಇಳಿದಿತ್ತು.

ಇನ್ನು ಎಚ್ಚರಿಕೆಯ ಮಾತು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಒಂದು ವಿಮಾನ ಸಂಸ್ಥೆಯ ಮೇಲಿನ ಮೊಕದ್ದಮೆಯಲ್ಲಿ, ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದರು. ಹಲವು ತೀರ್ಪುಗಳು ಇರಲೇ ಇಲ್ಲ, ಎಐ ಕಟ್ಟಿದ ಕಥೆ. ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು. ದಂಡ ಬಿದ್ದದ್ದು ವಕೀಲರ ಮೇಲೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅನ್ನುವ ನಮ್ಮ ಗಾದೆ ಇಂಥದ್ದಕ್ಕೇ ಇರುವುದು.

ಇನ್ನೊಂದು ಪ್ರಯೋಗ 2025ರದು. ಮೆಟರ್ ಎಂಬ ಸಂಸ್ಥೆ 16 ಮಂದಿ ಅನುಭವಿ ಪ್ರೋಗ್ರಾಮರ್‌ಗಳಿಗೆ, ಅವರು ವರ್ಷಗಳಿಂದ ಬಲ್ಲ ಕೋಡ್‌ನಲ್ಲೇ ಕೆಲಸ ಕೊಟ್ಟಿತು. ಎಐ ಬಳಸಿದಾಗ ಅವರಿಗೆ ಶೇಕಡಾ 19ರಷ್ಟು ಹೆಚ್ಚು ಸಮಯ ಹಿಡಿಯಿತು. ತಮಾಷೆಯೆಂದರೆ, ಶೇಕಡಾ 20ರಷ್ಟು ಬೇಗ ಮುಗಿಸಿದೆವು ಅಂತಲೇ ಅವರು ನಂಬಿದ್ದರು. ಬೇಗ ಆಯಿತು ಅನ್ನಿಸುವುದೇ ಬೇರೆ, ಗಡಿಯಾರ ಹೇಳುವುದೇ ಬೇರೆ.

ನಮ್ಮ ಕನ್ನಡ ಕೂಟದ ಕೆಲಸಕ್ಕೆ ನಾನೂ ಇದನ್ನು ಬಳಸುತ್ತೇನೆ. ರಾಜ್ಯೋತ್ಸವದ ಊಟಕ್ಕೆ ನಲವತ್ತು ಜನ ಸ್ವಯಂಸೇವಕರ ಸರದಿ ಪಟ್ಟಿ ಮಾಡುವುದು ಒಂದು ಸಂಜೆಯ ಕೆಲಸ. ಎಐ ಅದನ್ನು ಕೆಲವೇ ನಿಮಿಷದಲ್ಲಿ ಮಾಡಿಕೊಡುತ್ತದೆ. ಆದರೆ ಮಂಡಿ ನೋವಿರುವ ಹಿರಿಯರನ್ನು ನಿಂತು ಬಡಿಸುವ ಸರದಿಗೆ ಹಾಕಬಾರದು, ಊರಿಗೆ ಹೊಸದಾಗಿ ಬಂದ ದಂಪತಿಯನ್ನು ಎಲ್ಲರನ್ನೂ ಬಲ್ಲವರ ಜೊತೆ ಹಾಕಬೇಕು ಅನ್ನುವುದು ನಾನು ಹೇಳದೆ ಅದಕ್ಕೆ ಹೇಗೆ ಗೊತ್ತಾಗಬೇಕು? ನಿಮ್ಮ ಆಫೀಸಿನಲ್ಲೂ ಹಾಗೇ. ಜನರನ್ನು ಬಲ್ಲವರ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ.

ಹಾಗಾಗಿ ಮಕ್ಕಳೇ, ನಾಲ್ಕು ಮಾತು ನೆನಪಿಡಿ.

ಒಂದು, ಮೀಟಿಂಗ್‌ನ ಸಾರಾಂಶ, ಇಮೇಲಿನ ಕರಡು, ಎಕ್ಸೆಲ್‌ನ ಸೂತ್ರ ಇವನ್ನೆಲ್ಲ ಧಾರಾಳವಾಗಿ ಮಾಡಿಸಿಕೊಳ್ಳಿ. ಇದರಲ್ಲಿ ನಾಚಿಕೆಯೇನಿಲ್ಲ.

ಎರಡು, ನಿಮ್ಮ ವೃತ್ತಿಯ ಜೀವಾಳವಾದ ಕೆಲಸವನ್ನು ಮೊದಲು ನೀವೇ ಮಾಡಿ, ಆಮೇಲೆ ಅದಕ್ಕೆ ತೋರಿಸಿ. ನಿಮ್ಮದಕ್ಕೂ ಅದರದ್ದಕ್ಕೂ ಎಲ್ಲಿ ವ್ಯತ್ಯಾಸ, ಯಾಕೆ ಅಂತ ಕೇಳಿ. ಕಲಿಕೆ ಇರುವುದು ಅಲ್ಲೇ.

ಮೂರು, ಹೆಸರು, ಅಂಕಿ, ದಿನಾಂಕ ಯಾವುದನ್ನೂ ಪರೀಕ್ಷಿಸದೆ ಮುಂದಕ್ಕೆ ಕಳಿಸಬೇಡಿ.

ನಾಲ್ಕು, ಕಂಪನಿಯ ಗುಟ್ಟು, ಗ್ರಾಹಕರ ವಿವರ ಹಾಕುವ ಮುನ್ನ ಆಫೀಸಿನ ನಿಯಮ ಕೇಳಿಕೊಳ್ಳಿ. 2023ರಲ್ಲಿ ಸ್ಯಾಮ್‌ಸಂಗ್‌ನ ಉದ್ಯೋಗಿಗಳು ಒಳಗಿನ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾಗಿ, ಆ ಸಂಸ್ಥೆ ಇಂಥ ಸಾಧನಗಳ ಬಳಕೆಗೇ ತಡೆ ಹಾಕಿತ್ತು.

ಕೊನೆಯದಾಗಿ, ಉಳಿದ ಸಮಯದ ಮಾತು. ಒಂದು ಗಂಟೆಯ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿದರೆ, ಉಳಿದ ನಲವತ್ತು ನಿಮಿಷವನ್ನು ಇನ್ನೊಂದು ಇಮೇಲ್ ನುಂಗಲು ಬಿಡಬೇಡಿ. ಅದರಲ್ಲಿ ಹತ್ತು ನಿಮಿಷವಾದರೂ ನಿಮ್ಮ ಆಫೀಸಿನ ಒಬ್ಬ ಹಿರಿಯರ ಹತ್ತಿರ ಹೋಗಿ, "ಇದನ್ನು ನೀವಾಗಿದ್ದರೆ ಹೇಗೆ ಮಾಡುತ್ತಿದ್ದಿರಿ?" ಅಂತ ಕೇಳಿ. ಎಐಗೆ ಕಲಿಸಿದ್ದು ಅಂಥವರ ಅನುಭವವೇ. ಅವರು ಇನ್ನೂ ಪಕ್ಕದಲ್ಲಿರುವಾಗ ನೇರವಾಗಿಯೇ ಕೇಳಬಹುದಲ್ಲ!