ವಿಸ್ಕಿ ಅಂದ್ರೆ ನೀರು



ವಿಷಯ ಕೇಳಿ ಕೆಲವರು ನಕ್ಕಿದ್ದು ಕಾಣಿಸ್ತು. ಮೊದಲೇ ಹೇಳಿಬಿಡ್ತೀನಿ, ಯಾವ ಬ್ರ್ಯಾಂಡ್ ಒಳ್ಳೇದು ಅನ್ನೋ ಮಾತಲ್ಲ ಇದು. ನಾನು ಪುಣೆಯಲ್ಲಿ ಕೋಡ್ ಬರೆಯೋನು, ಭಾಷಾವಿಜ್ಞಾನಿ ಅಲ್ಲ. ಆದರೆ ಹಳೇ ಕೋಡ್ ಸಿಕ್ಕಿದರೆ ಇದನ್ನು ಮೊದಲು ಬರೆದವರು ಯಾರು, ಯಾಕೆ ಹೀಗೆ ಬರೆದರು ಅಂತ ಕೆದಕೋ ಚಟ ಇದೆ. ಈ ಸಲ ಒಂದು ಪದವನ್ನು ಕೆದಕಿದ್ದೀನಿ.

ಮಧ್ಯಯುಗದ ಯುರೋಪಿನಲ್ಲಿ ಭಟ್ಟಿ ಇಳಿಸಿದ ಮದ್ಯವನ್ನು ಔಷಧಿ ಅಂತ ಭಾವಿಸಿದ್ದರು. ಲ್ಯಾಟಿನ್‌ನಲ್ಲಿ ಅದಕ್ಕೆ 'ಅಕ್ವಾ ವಿಟೇ' ಅಂತ ಹೆಸರು. ಅಕ್ವಾ ಅಂದ್ರೆ ನೀರು, ವಿಟೇ ಅಂದ್ರೆ ಜೀವದ. ಒಟ್ಟು, ಜೀವಜಲ. ಹೋದ ಕಡೆಯೆಲ್ಲ ಜನ ಅದನ್ನು ತಮ್ಮ ಭಾಷೆಗೆ ಇಳಿಸಿಕೊಂಡರು. ಫ್ರೆಂಚರಲ್ಲಿ 'ಓ ದ ವಿ'. ಐರಿಷ್ ಭಾಷೆಯಲ್ಲಿ 'ಇಶ್ಕೆ ಬಹಾ'. ಸ್ಕಾಟ್‌ಲೆಂಡಿನ ಗೇಲಿಕ್‌ನಲ್ಲೂ ಹೆಚ್ಚುಕಮ್ಮಿ ಅದೇ, ಉಚ್ಚಾರ ಸ್ವಲ್ಪ ಬೇರೆ.

ಇಂಗ್ಲಿಷರ ಬಾಯಲ್ಲಿ ಅದು 'ಉಸ್ಕ್ವಿಬಾ' ಆಯ್ತು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲಿ ಈ ಪದ ಇದೆ. ಸ್ಕಾಟರು ಇದನ್ನೇ ಕೆಡಿಸಿ ವಿಸ್ಕಿ ಅಂತಾರೆ ಅಂತಲೂ ಅಲ್ಲೇ ಬರೆದಿದ್ದಾನೆ. ಇಲ್ಲಿ ಒಂದು ತಮಾಷೆ ನೋಡಿ. 'ಜೀವಜಲ'ದಲ್ಲಿ 'ಜೀವ' ಉದುರಿಹೋಗಿ ಬರೀ 'ಜಲ' ಉಳೀತು. ಬಾರಲ್ಲಿ ಕೂತು "ವಿಸ್ಕಿಗೆ ನೀರು ಹಾಕು" ಅಂದ್ರೆ, ಮೂಲದ ಪ್ರಕಾರ "ನೀರಿಗೆ ನೀರು ಹಾಕು" ಅಂದಂಗೆ!

ಸ್ಕಾಟ್‌ಲೆಂಡಿನ ರಾಜನ ಲೆಕ್ಕದ ಪುಸ್ತಕದಲ್ಲಿ 1494ರ ಒಂದು ನಮೂದಿದೆ: ಅಕ್ವಾ ವಿಟೇ ಮಾಡಲು ಜಾನ್ ಕಾರ್ ಎಂಬ ಸನ್ಯಾಸಿಗೆ ಎಂಟು ಬೋಲ್ ಮಾಲ್ಟ್. ಬೋಲ್ ಅನ್ನೋದು ನಮ್ಮ ಖಂಡುಗದ ಹಾಗೆ ಧಾನ್ಯ ಅಳೆಯುವ ಹಳೇ ಅಳತೆ. ಐರ್ಲೆಂಡಿನ ದಾಖಲೆ ಇನ್ನೂ ಹಿಂದಿನದು. ಕ್ಲಾನ್‌ಮಕ್ನಾಯ್ಸ್ ವಾರ್ಷಿಕ ವೃತ್ತಾಂತದಲ್ಲಿ 1405ರ ಕೆಳಗೆ ಒಬ್ಬ ನಾಯಕನ ಸಾವು ಬರುತ್ತೆ. ಕ್ರಿಸ್‌ಮಸ್ ಸಮಯದಲ್ಲಿ ಅಕ್ವಾ ವಿಟೇ ಅತಿಯಾಗಿ ಕುಡಿದು ಸತ್ತ. ಅವನ ಪಾಲಿಗೆ ಅದು ಜೀವಜಲ ಅಲ್ಲ, ಮೃತ್ಯುಜಲ ಆಯ್ತು ಅಂತ ಒಂದು ಶ್ಲೇಷೆಯನ್ನೂ ಸೇರಿಸಿದ್ದಾರೆ. ಇದನ್ನು ನೆನಪಲ್ಲಿ ಇಟ್ಕೊಳ್ಳಿ.

ಈಗ ನನಗೆ ಆಶ್ಚರ್ಯ ಆದ ಭಾಗ. ಐರಿಷ್‌ನ 'ಇಶ್ಕೆ', ಇಂಗ್ಲಿಷಿನ 'ವಾಟರ್', ರಷ್ಯನ್ನರ 'ವೊಡ್ಕಾ', ನಾವು ಸಂಸ್ಕೃತದಿಂದ ತಗೊಂಡ 'ಉದಕ', ಇವೆಲ್ಲ ಒಂದೇ ಇಂಡೋ-ಯುರೋಪಿಯನ್ ಧಾತುವಿನ ಮಕ್ಕಳು. 'ಬಹಾ' ಕೂಡ ನಮ್ಮ 'ಜೀವ' ಪದದ ದೂರದ ನೆಂಟ. ಕನ್ನಡ ದ್ರಾವಿಡ ಭಾಷೆ, ನಮ್ಮ ಸ್ವಂತ ಪದ ನೀರು. ಆದರೂ ಪಾದೋದಕ, ತಿಲೋದಕ ಅನ್ನುವಾಗ ಆ ಧಾತು ನಮ್ಮ ನಾಲಿಗೆ ಮೇಲೂ ಇರುತ್ತೆ.

ಹೆಸರಿನ ವಿಷಯದಲ್ಲಿ ನಮ್ಮೂರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಕಂಪನಿಯೊಂದು 2004ರಲ್ಲಿ ಗ್ಲಾಸ್ಗೋಗೆ ಹೋಗಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡ್ತು. ಹೆಸರು 'ಅಮೃತ್'. ಸಾವಿಲ್ಲದಂತೆ ಮಾಡೋ ಪಾನೀಯ! ಅದೇ ಹಳೇ ಅರ್ಥ ಊರೆಲ್ಲ ಸುತ್ತಿ ವಾಪಸ್ ಬಂದಂಗಾಯ್ತು. ಆಡುಮಾತಲ್ಲಂತೂ ಕೇಳಲೇಬೇಡಿ. ನಾವು 'ತೀರ್ಥ' ಅಂತೀವಿ. ಅದೂ ನೀರೇ, ಅದೂ ಪವಿತ್ರ.

ನಮ್ಮ ಚಿಕ್ಕಪ್ಪನೂ ಹಾಗೇ ಅಂತಿದ್ರು. "ಏನೋ, ತೀರ್ಥ ತಗೊಂಡು ಬರ್ತೀನಿ ಕಣೋ" ಅಂತ ಸಂಜೆ ಹೊರಡೋರು. ನಾವೆಲ್ಲ ನಗ್ತಿದ್ವಿ. ನನಗೆ ಮೊದಲ ಕ್ಯಾಲ್ಕ್ಯುಲೇಟರ್ ಕೊಡಿಸಿದ್ದು ಅವರೇ. ನಾನು ಪುಣೆಗೆ ಬಂದ ಮೇಲೆ ಫೋನಲ್ಲೂ ಅದೇ ಜೋಕು, ನಂದೂ ಅದೇ ನಗು. ಅವರ ಲಿವರ್ ಕೆಟ್ಟಿದೆ ಅಂತ ಗೊತ್ತಾದಾಗ ತಡ ಆಗಿತ್ತು. ಐವತ್ತೆರಡಕ್ಕೆ ಹೋದರು. ಮಕ್ಕಳಿರಲಿಲ್ಲ, ಕರ್ಮ ನಾನೇ ಮಾಡಿದೆ. ಎಳ್ಳು ನೀರು ಬಿಡುವಾಗ ಪುರೋಹಿತರು "ತಿಲೋದಕ" ಅಂದ್ರು. ಆ ಉದಕವೂ ಈ ವಿಸ್ಕಿಯೂ ಒಂದೇ ಬೇರಿಂದ ಬಂದವು ಅಂತ ಅವತ್ತು ಗೊತ್ತಿರಲಿಲ್ಲ. ಗೊತ್ತಾದ ದಿನ ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತಿದ್ದೆ.

ಕುಡೀಬೇಡಿ ಅಂತ ಉಪದೇಶ ಮಾಡಲ್ಲ, ಟೀಮ್ ಪಾರ್ಟಿಯಲ್ಲಿ ಒಂದು ಪೆಗ್ ನಾನೂ ತಗೊಂಡಿದ್ದೀನಿ. ಆದರೆ ಚೆಂದದ ಹೆಸರು ಇಟ್ಟಾಗ ಕಷ್ಟದ ಪ್ರಶ್ನೆ ಕೇಳೋದು ತಪ್ಪಿಹೋಗುತ್ತೆ. "ತೀರ್ಥ" ಅಂದಾಗ ನಕ್ಕೆವೇ ಹೊರತು "ದಿನಾ ಎಷ್ಟು ಕುಡೀತೀರಾ ಚಿಕ್ಕಪ್ಪ?" ಅಂತ ಒಬ್ಬರೂ ಕೇಳಲಿಲ್ಲ. ಆರು ಶತಮಾನದ ಹಿಂದಿನ ಸಾವೊಂದನ್ನು ಬರೆದವರಿಗೆ ಹೆಸರಿಗೂ ವಸ್ತುವಿಗೂ ಇರೋ ಅಂತರ ಕಂಡಿತ್ತು.

ಊರು ಬಿಟ್ಟು ಬಂದಿದ್ದೀವಿ. ಬಾಡಿಗೆ ಫ್ಲ್ಯಾಟಲ್ಲಿ ಶುಕ್ರವಾರ ರಾತ್ರಿ ಒಬ್ಬನೇ ಕೂರೋ ಗೆಳೆಯ ನಿಮಗೂ ಇರಬಹುದು. ಅವನು ಜೋಕ್ ಮಾಡಿದಾಗ ನಗಿ, ಪರವಾಗಿಲ್ಲ. ನಕ್ಕಾದ ಮೇಲೆ ಒಂದು ಸಲ ಕೇಳಿ.