ಊರ ಲೆಕ್ಕದಾಗ ನಾವೆಲ್ಲರೂ ಇರಬೇಕು



ನಮ್ಮ ರಾಮಸಮುದ್ರ ಯಾದಗಿರಿ ತಾಲೂಕಿನ ಊರು. ಜಿಲ್ಲೆಯ ನಡುವೆ ಭೀಮೆ, ದಕ್ಷಿಣದ ಅಂಚಿಗೆ ಕೃಷ್ಣೆ ಹರಿಯುತ್ತವೆ. ಆದರೆ ನೀರು ಹತ್ತದ ಹೊಲಕ್ಕೆ ಮಳೆಯೇ ಗತಿ. ತೊಗರಿ, ಜೋಳದ ರಾಶಿ ಮುಗಿದ ಮ್ಯಾಲ ನಮ್ಮ ಮಂದಿ ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ.

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11,74,271. ನೂರಕ್ಕೆ 81 ಮಂದಿ ಹಳ್ಳಿಯವರು. ಆ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರ ವರೆಗೆ, ಅಂದರೆ ಗುಳೆಯ ಕಾಲದಲ್ಲಿಯೇ. ಆ ಇಪ್ಪತ್ತು ದಿನದಾಗ ಒಮ್ಮೆಯೂ ಊರಿಗೆ ಬಾರದವರನ್ನು ಇದ್ದಲ್ಲಿಯೇ ಎಣಿಸುವುದು ನಿಯಮ. ಮನಿ ಇಲ್ಲಿ, ಲೆಕ್ಕ ಅಲ್ಲಿ! ಗ್ರಾಮ ಪಂಚಾಯ್ತಿಗೆ 400 ಜನಕ್ಕೆ ಒಬ್ಬ ಸದಸ್ಯ ಎಂಬುದು ಈ ಅಂಕಿಯ ಮೇಲೆಯೇ. ಅಂಗನವಾಡಿಗೂ ಜನಸಂಖ್ಯೆ ನೋಡುತ್ತಾರೆ.

2021ರ ಗಣತಿ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1 ಲೆಕ್ಕದ ದಿನವೆಂದು ಸರ್ಕಾರ ಗೊತ್ತುಪಡಿಸಿದೆ. ಆದ್ದರಿಂದ ನಾವು ನಿರ್ದೇಶಕರು ಕೇಳಿಕೊಳ್ಳುವುದು ಇಷ್ಟೇ: ಪ್ರತಿಯೊಬ್ಬ ಸದಸ್ಯರು ತಮ್ಮ ಓಣಿಯಿಂದ ದುಡಿಯಲು ಹೋದವರಿಗೆ ಫೋನ್ ಹಚ್ಚಿ, "ಎಣಿಕಿ ದಿವಸದಾಗ ಒಮ್ಮೆ ಊರಿಗೆ ಬಂದು ಹೋಗ್ರೆಪಾ" ಅಂತ ಹೇಳಬೇಕು. ಸಂಘದ ಪುಸ್ತಕದಾಗ ಒಂದು ರೂಪಾಯಿ ತಪ್ಪಿದರೂ ನಾವು ಬಿಡುವುದಿಲ್ಲ. ಊರಿನ ಪುಸ್ತಕದಾಗ ಮನುಷ್ಯರೇ ತಪ್ಪಿಹೋಗಬಾರದು.